ಗಂಭೀರಪ್ಪನ ಬಾಯಿಗೆ ತಂತಿ

"ನೀನು ಹಲ್ಲಿಗೆ ಕ್ಲಿಪ್ ಹಾಕಿಸ್ಕೊಂಡ್ರೆ ನಾನೂ ಹಾಕಿಸ್ಕೋತೀನಿ. ಇದು ನಿಮ್ಮಪ್ಪನ ಮಾತು!"

ಊಟದ ಮೇಜಿನ ಮುಂದೆ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ಮಗಳಿಗೆ ಹೀಗೆ ಮಾತು ಕೊಟ್ಟಾಗ ಗಂಭೀರಪ್ಪನಿಗೆ ನಲವತ್ತೆಂಟು ವರ್ಷ ಮೂರು ತಿಂಗಳು. ಅಷ್ಟು ವಯಸ್ಸಾದವನ ಹಲ್ಲಿನ ತಂಟೆಗೆ ಯಾವ ಡಾಕ್ಟರೂ ಬರುವುದಿಲ್ಲ ಎಂಬ ಗಟ್ಟಿ ನಂಬಿಕೆಯೇ ಆ ಮಾತಿನ ಬುನಾದಿ. ಖರ್ಚಿಲ್ಲದ ತ್ಯಾಗದಲ್ಲಿ ಅವನು ಯಾವತ್ತೂ ಹಿಂದೆ ಬಿದ್ದವನಲ್ಲ.

ಗಂಭೀರಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟದ್ದು. ಸತ್ತವರನ್ನು ಕೊನೆಯ ಜಾಗಕ್ಕೆ ಮುಟ್ಟಿಸುವ ಒಂದು ಸಣ್ಣ ಸಂಸ್ಥೆಯಲ್ಲಿ ಅವನಿಗೆ ಕೆಲಸ. ಎರಡು ಶವವಾಹನ, ಮೂರು ಫ್ರೀಜರ್ ಪೆಟ್ಟಿಗೆ, ಒಬ್ಬರು ಯಜಮಾನರು, ಇಬ್ಬರು ಡ್ರೈವರುಗಳು, ಆಮೇಲೆ ಇವನು. ವಾಹನದ ಜೊತೆ ಹೋಗಿ, ಮನೆಯವರ ಹತ್ತಿರ ತಗ್ಗಿದ ದನಿಯಲ್ಲಿ ನಾಲ್ಕು ಮಾತಾಡಿ, ಕಾಗದಕ್ಕೆ ಸಹಿ ಹಾಕಿಸಿಕೊಂಡು, ಎಲ್ಲವನ್ನೂ ಸದ್ದಿಲ್ಲದೆ ನಡೆಸಿಕೊಡುವುದು ಅವನ ಪಾಲಿನದು. ಅದಕ್ಕೆ ಬೇಕಾದ ಮುಖವನ್ನು ಅವನು ಹುಟ್ಟುವಾಗಲೇ ತಂದಿದ್ದ. ಕೆಳಕ್ಕೆ ಇಳಿದ ಕಣ್ಣಂಚು, ಜೋತುಬಿದ್ದ ಕೆನ್ನೆ, ಬಿಗಿದ ತುಟಿ. ತನ್ನ ಮದುವೆಯ ಫೋಟೋದಲ್ಲೂ ಅವನು ಹತ್ತಿರದವರನ್ನು ಯಾರನ್ನೋ ಕಳೆದುಕೊಂಡವನ ಹಾಗೇ ನಿಂತಿದ್ದಾನೆ. "ಹೋದ ಸಲ ಬಂದಿದ್ರಲ್ಲ, ಆ ದುಃಖದ ಮುಖದವರು, ಅವರನ್ನೇ ಕಳಿಸಿ" ಎಂದು ಕೇಳಿ ಕರೆಸಿಕೊಳ್ಳುವವರಿದ್ದರು. "ನಮ್ಮ ಬಂಡವಾಳ ಅಂದ್ರೆ ಎರಡು ಗಾಡಿ, ಒಂದು ಮುಖ" ಎಂದು ಯಜಮಾನರು ಆಗಾಗ ಹೇಳುತ್ತಿದ್ದರು.

ಮಗಳಿಗೆ ಹದಿಮೂರು. ಮೇಲಿನ ಸಾಲಿನಲ್ಲಿ ಎರಡು ಹಲ್ಲು ಒಂದರ ಮೇಲೊಂದು ಹತ್ತಿ ಕೂತಿದ್ದವು. ಕೋರೆಹಲ್ಲೊಂದು ಜಾಗ ಸಿಗದೆ ಒಸಡಿನ ಮೇಲ್ಭಾಗದಲ್ಲೇ ಬೀಡುಬಿಟ್ಟಿತ್ತು. ಶಾಲೆಯಲ್ಲಿ ಅವಳನ್ನು 'ಡಬಲ್ ಡೆಕ್ಕರ್' ಎಂದು ಕರೆಯುತ್ತಿದ್ದರು. ಆರು ತಿಂಗಳಿಂದ ಮನೆಯಲ್ಲಿ ಅವಳ ಹಲ್ಲನ್ನು ಯಾರೂ ಕಂಡಿರಲಿಲ್ಲ. ನಗುವುದಿರಲಿ, ಮಾತಾಡುವಾಗಲೂ ತುಟಿ ಅಂಟಿಸಿಕೊಂಡೇ ಗುಣುಗುಟ್ಟುತ್ತಿದ್ದಳು. ಡಾಕ್ಟರ ಹತ್ತಿರ ಹೋಗೋಣ ಎಂದರೆ, "ಕ್ಲಿಪ್ ಹಾಕಿಸ್ಕೊಂಡ್ರೆ ಇನ್ನೂ ಆಡ್ಕೋತಾರೆ. ನಿಮಗೇನು ಗೊತ್ತು, ಆಡಿಸ್ಕೊಳ್ಳೋಳು ನಾನು" ಎಂದು ಅಳು. ಅವಳ ಮುಖ ದಿನದಿಂದ ದಿನಕ್ಕೆ ತನ್ನ ಮುಖದ ಹಾಗೇ ಆಗುತ್ತಿರುವುದನ್ನು ಕಂಡು ಗಂಭೀರಪ್ಪ ಹೆದರಿದ್ದ. ಮೊದಲು ಹೇಳಿದ ಪ್ರತಿಜ್ಞೆ ಹೊರಬಿದ್ದದ್ದು ಆ ಸಂಕಟದಲ್ಲಿ.

ಹಲ್ಲಿನ ಡಾಕ್ಟರು ನಲವತ್ತರ ಆಸುಪಾಸಿನ ಹೆಂಗಸು. ಮಗಳು ಕುರ್ಚಿಯ ಮೇಲೆ ಕೂರುವ ಮೊದಲೇ ಕೇಳಿದಳು. "ನಮ್ಮಪ್ಪನಿಗೂ ಹಾಕ್ತೀರಾ?"

"ಯಾಕಾಗಲ್ಲ? ವಯಸ್ಸು ಅಡ್ಡ ಬರಲ್ಲ. ಹೋದ ತಿಂಗಳು ಐವತ್ತಾರು ವರ್ಷದವರಿಗೆ ಹಾಕಿದೀನಿ. ಬಾಯಿ ತೆರೀರಿ ಸರ್."

ಗಂಭೀರಪ್ಪ ಬಾಯಿ ತೆರೆಯುವ ಬದಲು ಹೆಂಡತಿಯ ಕಡೆ ನೋಡಿದ. ಅವಳು ಔಷಧಿ ಅಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುವವಳು. ಕಹಿ ಯಾವುದನ್ನೂ ನೀರು ಬೆರೆಸಿ ಕೊಟ್ಟು ಅಭ್ಯಾಸವಿರಲಿಲ್ಲ.

"ತೆರೀರಿ" ಎಂದಳು. "ಮಾತು ಕೊಡೋವಾಗ ಚೆನ್ನಾಗಿ ತೆರೆದಿದ್ರಲ್ಲ."

ಡಾಕ್ಟರು ಸಣ್ಣ ಕನ್ನಡಿಯನ್ನು ಒಳಗೆ ಆಡಿಸಿ ನೋಡಿ, ಕೆಳಗಿನ ಸಾಲು ಗುಂಪುಗೂಡಿದೆ, ಮೇಲಿನದು ಮುಂದಕ್ಕೆ ವಾಲಿದೆ, ಒಸಡೂ ಸಡಿಲ, ಹೀಗೇ ಬಿಟ್ಟರೆ ಅರವತ್ತಕ್ಕೆ ಅರ್ಧ ಬಾಯಿ ಖಾಲಿ ಎಂದರು. ಮಗಳಿಗೆ ಒಂದೂವರೆ ವರ್ಷ ಸಾಕು, ಅಪ್ಪನಿಗೆ ಎರಡೂವರೆ ಬೇಕು. ಆಮೇಲೆ ದರದ ಪಟ್ಟಿಯನ್ನು ಮುಂದೆ ಸರಿಸಿದರು. ಊಟದ ಹೋಟೆಲಿನ ಮೆನು ಕಾರ್ಡಿನ ಹಾಗೆ ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿದ್ದ ಪಟ್ಟಿ. ಉಕ್ಕಿನದು ಒಂದು ದರ, ಹಲ್ಲಿನ ಬಣ್ಣದ್ದು ಅದರ ಒಂದೂವರೆ ಪಟ್ಟು, ಕಣ್ಣಿಗೇ ಕಾಣದ್ದು ನಾಲ್ಕು ಪಟ್ಟು. ಕಣ್ಣಿಗೆ ಕಾಣದ ವಸ್ತುವಿಗೆ ಇಷ್ಟೊಂದು ಬೆಲೆ ಯಾಕೆ ಎಂದು ಗಂಭೀರಪ್ಪನಿಗೆ ಅರ್ಥವಾಗಲಿಲ್ಲ. ಉಕ್ಕಿನದೇ ಒಬ್ಬರಿಗೆ ಅವನ ಮೂರು ತಿಂಗಳ ಸಂಬಳ ನುಂಗುತ್ತಿತ್ತು. ಎಕ್ಸ್‌ರೇ ಬೇರೆ, ಅಚ್ಚು ತೆಗೆಯುವುದು ಬೇರೆ, ಒಸಡು ಶುಚಿ ಮಾಡುವುದು ಬೇರೆ, ಜಾಗಕ್ಕಾಗಿ ಹಲ್ಲು ಕೀಳುವುದು ಒಂದೊಂದಕ್ಕೂ ಬೇರೆ.

"ಇಬ್ಬರು ಹಾಕಿಸ್ಕೋತಿದೀವಿ. ಏನಾದ್ರೂ ಬಿಡ್ತೀರಾ?" ಎಂದು ಅವನು ಕ್ಷೀಣವಾಗಿ ಕೇಳಿದ.

"ಹತ್ತು ಪರ್ಸೆಂಟ್ ಬಿಡೋಣ. ಉಳಿದದ್ದು ತಿಂಗಳ ಕಂತಲ್ಲಿ ಕಟ್ಟಿ."

"ಕೊನೇಲಿ ಬಿಚ್ಚೋದಕ್ಕೆ?"

"ಅದು ಫ್ರೀ ಸರ್."

ಆ ಒಂದು ಪದವನ್ನು ಹಿಡಿದುಕೊಂಡೇ ಗಂಭೀರಪ್ಪ ಒಪ್ಪಿದ. ವಾಷಿಂಗ್ ಮಷಿನ್ನಿಗೆಂದು ಹೆಂಡತಿ ಎರಡು ವರ್ಷದಿಂದ ಕೂಡಿಸಿಟ್ಟಿದ್ದ ಹಣ ಮುಂಗಡವಾಗಿ ಹೋಯಿತು. "ಮಷಿನ್ ಬಾಯಲ್ಲಿ ಇಟ್ಕೊಂಡಿದೀರಿ, ಬಟ್ಟೆ ಅಲ್ಲೇ ಹಾಕ್ತೀನಿ ಬಿಡಿ" ಎಂದು ಅವಳು ಬಸ್ಸಿನಲ್ಲಿ ಅಂದಳು.

ಮುಂದಿನ ಒಂದು ತಿಂಗಳು ಅಪ್ಪ ಮಗಳು ಜೋಡಿಯಾಗಿ ನರಳಿದರು. ಎಕ್ಸ್‌ರೇ ಯಂತ್ರ ಅವನ ತಲೆಯ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಬಂತು. ಪರದೆಯ ಮೇಲೆ ತನ್ನ ದವಡೆಯ ಎಲುಬು, ಹಲ್ಲಿನ ಬೇರು ಎಲ್ಲ ಬೆಳ್ಳಗೆ ಮೂಡಿದ್ದನ್ನು ಕಂಡಾಗ ಗಂಭೀರಪ್ಪ ವೃತ್ತಿಯ ಅಭ್ಯಾಸಬಲದಿಂದ ಎರಡೂ ಕೈ ಮುಂದಕ್ಕೆ ಕಟ್ಟಿ ತಲೆ ತಗ್ಗಿಸಿದ. ಗುಲಾಬಿ ಬಣ್ಣದ ಒದ್ದೆ ಹಿಟ್ಟನ್ನು ಬಾಯಿ ತುಂಬ ಒತ್ತಿ ಅಚ್ಚು ತೆಗೆದಾಗ ಮಗಳು ಮೂಗಿನಿಂದ ಉಸಿರಾಡುತ್ತಾ ಸುಮ್ಮನೆ ಕೂತಳು, ಅಪ್ಪ ಸಹಾಯಕಿಯ ಏಪ್ರನ್ ಹಿಡಿದು ಎಳೆದ. ಯಾವ ತಪ್ಪೂ ಮಾಡದ ಎರಡು ಗಟ್ಟಿ ಹಲ್ಲನ್ನು ಕಿತ್ತರು. "ಚೆನ್ನಾಗಿರೋ ಹಲ್ಲು ಯಾಕಮ್ಮಾ ಕೀಳ್ತೀರಿ?" ಎಂದರೆ, "ಉಳಿದೋರಿಗೆ ಜಾಗ ಬೇಕಲ್ಲ ಸರ್" ಎಂಬ ಉತ್ತರ ಬಂತು. ಸಾವಿನ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಯಾರೂ ಹೇಳಿದ್ದನ್ನು ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನು ಕೇಳಿರಲಿಲ್ಲ.

ಕೊನೆಗೆ ಒಂದು ಸೋಮವಾರ ಹಲ್ಲು ಹಲ್ಲಿಗೂ ಉಕ್ಕಿನ ಚೂರು ಅಂಟಿಸಿ, ನಡುವೆ ತಂತಿ ಪೋಣಿಸಿ, ಬಿಗಿದು ಕಳಿಸಿದರು. ಅವತ್ತು ಸಂಜೆಯಿಂದ ಇಬ್ಬರಿಗೂ ಹಾಲಲ್ಲಿ ನೆನೆಸಿದ ಬ್ರೆಡ್ಡು, ಹಿಸುಕಿದ ಆಲೂಗಡ್ಡೆ. ಹೆಂಡತಿ ಎದುರಿಗೆ ಕೂತು ಹುರಿದ ಕಡಲೆಕಾಯಿಯನ್ನು ಒಂದೊಂದಾಗಿ ಕಟಂ ಕಟಂ ಎಂದು ಕಡಿಯುತ್ತಿದ್ದಳು. ಅದೇನೂ ಬೇಕೆಂದು ಮಾಡಿದ್ದಲ್ಲ, ಆದರೂ ಅಷ್ಟು ಸದ್ದು ಬೇಕಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಅದು ಬರೀ ಹಲ್ಲುನೋವಿನ ಕತೆಯಾಗುತ್ತಿತ್ತು.

ಗುರುವಾರ ಬೆಳಿಗ್ಗೆ ಒಂದು ಮನೆಯಿಂದ ಕರೆ ಬಂತು. ನಿವೃತ್ತ ಮೇಷ್ಟರೊಬ್ಬರ ಹೆಂಡತಿ ತೀರಿಕೊಂಡಿದ್ದರು. ಗಂಭೀರಪ್ಪ ಫ್ರೀಜರ್ ಪೆಟ್ಟಿಗೆಯೊಂದಿಗೆ ಹೋದ. ಬಿಸಿಲಿಗೆ ಬಾಯಿ ಒಣಗಿತ್ತು. ಹೊಸಿಲು ದಾಟಿ, ಹಿರಿಯ ಮಗನ ಮುಂದೆ ನಿಂತು, "ಧೈರ್ಯ ತಂದ್ಕೊಳ್ಳಿ" ಎನ್ನಲು ತುಟಿ ಎತ್ತಿದ. ಎತ್ತಿದ ತುಟಿ ಕೆಳಗಿಳಿಯಲಿಲ್ಲ. ಒಣಗಿದ ಮೇಲ್ತುಟಿ ಮಡಚಿಕೊಂಡು ಕೋರೆಹಲ್ಲಿನ ಮೇಲಿನ ಸಣ್ಣ ಕೊಕ್ಕೆಗೆ ಸಿಕ್ಕಿಬಿದ್ದಿತ್ತು. ಹೊಳೆಯುವ ಇಪ್ಪತ್ತು ಉಕ್ಕಿನ ಚೂರುಗಳ ಸಮೇತ ಅವನ ಎರಡೂ ಸಾಲು ಹಲ್ಲು, ಆ ದುಃಖದ ಮನೆಯ ನಡುಮನೆಯಲ್ಲಿ, ಎಲ್ಲರಿಗೂ ಕಾಣುವ ಹಾಗೆ ತೆರೆದು ನಿಂತವು.

ಮಗ ಒಂದು ಕ್ಷಣ ನೋಡಿದ. "ಏನ್ರೀ, ನಗು ಬರ್ತಿದೆಯಾ ನಿಮಗೆ?"

"ತಾರಿ ತರ್" ಎಂದ ಗಂಭೀರಪ್ಪ. 'ಸ' ಎಂಬ ಅಕ್ಷರ ಸೋಮವಾರದಿಂದಲೇ ಅವನ ಬಾಯಿಂದ ಹೊರಟುಹೋಗಿತ್ತು.

"ಏನಂದ್ರಿ?"

ಬೆರಳಿನಿಂದ ತುಟಿ ಬಿಡಿಸಿಕೊಳ್ಳಲು ನೋಡಿದ. ಅದು ಇನ್ನಷ್ಟು ಮೇಲಕ್ಕೆ ಹೋಯಿತು. ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಎಳೆದ. ನೋವಿಗೆ ಅವನ ಎರಡೂ ಹೆಗಲು ಕುಲುಕಿದವು. ಹಿಂದಿನಿಂದ ನೋಡಿದವರಿಗೆ ಅದು ಹೇಗೆ ಕಂಡಿರಬೇಕೆಂದು ಬೇರೆ ಹೇಳಬೇಕಾಗಿಲ್ಲ. ಬೆಳಗಿನಿಂದ ಅತ್ತು ಅತ್ತು ಸುಸ್ತಾಗಿದ್ದ ಒಬ್ಬ ಚಿಕ್ಕಮ್ಮ ಮೂಲೆಯಲ್ಲಿ ಕೂತಿದ್ದರು. ಅವರ ಮೂಗಿನಿಂದ ಮೊದಲು ಒಂದು ಸಣ್ಣ ಸದ್ದು ಬಂತು. ಪಕ್ಕದಲ್ಲಿದ್ದವರು ಅವರ ತೊಡೆ ಚಿವುಟಲು ಹೋಗಿ ತಾವೇ ಸೆರಗು ಬಾಯಿಗೆ ತುರುಕಿಕೊಂಡರು. ಅಳುವೂ ನಗುವೂ ಒಂದೇ ಕೊಳವೆಯಲ್ಲಿ ಬರುತ್ತವೆಯೋ ಏನೋ, ನಾಲ್ಕೈದು ಜನರಿಗೆ ಅದು ಹತ್ತಿಕೊಂಡಿತು. ಮಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮೇಷ್ಟರು ಮಾತ್ರ ಏನನ್ನೂ ನೋಡದೆ ಹೆಂಡತಿಯ ಪಾದದ ಹತ್ತಿರ ಕೂತೇ ಇದ್ದರು. ಗಂಭೀರಪ್ಪನಿಗೆ ಎಲ್ಲಕ್ಕಿಂತ ಚುಚ್ಚಿದ್ದು ಅದೇ. ತುಟಿ ಕೊನೆಗೆ ಹರಿದು ಬಿಡಿಸಿಕೊಂಡಿತು. ರಕ್ತವನ್ನು ನುಂಗಿಕೊಂಡು ಅವನು ಸಹಿ ಹಾಕಿಸಿಕೊಳ್ಳದೆಯೇ ವಾಪಸ್ ಬಂದ.

ಅವನಿಗಿಂತ ಮೊದಲೇ ದೂರು ಕಚೇರಿ ಮುಟ್ಟಿತ್ತು.

"ಇಪ್ಪತ್ತು ವರ್ಷ ಆ ಮುಖ ನಂಬ್ಕೊಂಡು ವ್ಯಾಪಾರ ಮಾಡ್ದೆ ಕಣಯ್ಯಾ" ಎಂದರು ಯಜಮಾನರು. ಬೈಯಲಿಲ್ಲ. ಅದೇ ಕಷ್ಟ. "ಮುಖಕ್ಕೆ ತಂತಿ ಬೇಲಿ ಹಾಕಿಸ್ಕೊಂಡು ಬಂದಿದೀಯಲ್ಲ. ಇನ್ಮೇಲೆ ಮನೆಗಳಿಗೆ ಹೋಗ್ಬೇಡ. ಫೋನ್ ಹತ್ರ ಕೂತ್ಕೋ. ಅಲ್ಲಿ ನಿನ್ನ ಹಲ್ಲು ಯಾರಿಗೂ ಕಾಣಲ್ಲ."

ಹಲ್ಲು ಕಾಣಲಿಲ್ಲ ನಿಜ. ಆದರೆ ಫೋನಿನಲ್ಲಿ ಹೋಗುವುದು ಮಾತು, ಆ ಮಾತಿನಲ್ಲಿ 'ಸ' ಇರಲಿಲ್ಲ. ಮೂರು ದಿನ ಅವನು ಆ ಅಕ್ಷರವೇ ಬಾರದ ಪದಗಳನ್ನು ಹುಡುಕಿ ಹುಡುಕಿ ಕಾಲ ತಳ್ಳಿದ. ನಾಲ್ಕನೆಯ ದಿನ ಯಾರೋ ಗಡಿಬಿಡಿಯಲ್ಲಿ ಫೋನ್ ಮಾಡಿದರು. ಹಿಂದೆ ವಾಹನಗಳ ಗದ್ದಲ.

"ನಮ್ಮ ಮಾವ ಹೋಗ್ಬಿಟ್ರು ಸ್ವಾಮಿ. ಗಾಡಿ ಬೇಕಿತ್ತು."

"ಸಾವು ಎಲ್ಲಿ?" ಎಂದು ಗಂಭೀರಪ್ಪ ಕೇಳಿದ. ಕೇಳಿದ್ದು ಅವನ ಲೆಕ್ಕದಲ್ಲಿ. ಆ ಕಡೆ ಕಿವಿಗೆ ಬಿದ್ದದ್ದು "ತಾವು ಎಲ್ಲಿ?" ಎಂದು.

"ನಾನಾ? ದೊಡ್ಡ ಬಸ್ ಸ್ಟ್ಯಾಂಡಲ್ಲಿ, ಎರಡನೇ ಗೇಟ್ ಹತ್ರ."

ಬಸ್ ಸ್ಟ್ಯಾಂಡಿನಲ್ಲಿ ಜನ ಸಾಯುವುದೇನೂ ಹೊಸದಲ್ಲ. ಅವನು ಬರೆದುಕೊಂಡು ಗಾಡಿ ಕಳಿಸಿದ. ಆ ಮನುಷ್ಯ ಮಾತ್ರ, ಗಡಿಬಿಡಿಯಲ್ಲಿ ಆಸ್ಪತ್ರೆಯ ಹೆಸರು ಹೇಳಿಯಾಯಿತೆಂದೇ ತಿಳಿದು, ಫೋನಿಟ್ಟವನೇ ಬಸ್ಸು ಹತ್ತಿ, ಮಾವನ ಶವವಿದ್ದ ಆಸ್ಪತ್ರೆಗೆ ಹೋಗಿ ಗಾಡಿಗಾಗಿ ಕಾಯುತ್ತಾ ನಿಂತ.

ಡ್ರೈವರು ಎರಡನೇ ಗೇಟಿನಲ್ಲಿ ಶವವಾಹನ ನಿಲ್ಲಿಸಿ ಹಿಂಬಾಗಿಲು ತೆರೆದಾಗ ಬಸ್ಸಿಗೆ ಕಾಯುತ್ತಿದ್ದ ಸಾಲು ತಾನಾಗಿಯೇ ಹತ್ತು ಮಾರು ಹಿಂದಕ್ಕೆ ಸರಿಯಿತು. ಕಲ್ಲು ಬೆಂಚಿನ ಮೇಲೆ ತಲೆಯಿಂದ ಕಾಲಿನವರೆಗೆ ಹೊದ್ದುಕೊಂಡು ಒಬ್ಬ ಮಲಗಿದ್ದ. ಪಕ್ಕದಲ್ಲಿ ಯಾರೂ ಇರಲಿಲ್ಲ. ಸಂಬಂಧಪಟ್ಟವರು ಟೀ ಕುಡಿಯಲು ಹೋಗಿರಬೇಕೆಂದುಕೊಂಡು ಡ್ರೈವರು ಸ್ವಲ್ಪ ಹೊತ್ತು ಕಾದ. ಆಮೇಲೆ, ಬಿಸಿಲಲ್ಲಿ ಇಡುವುದು ಸರಿಯಲ್ಲವೆಂದು ಕಂಕುಳಿಗೆ ಕೈ ಹಾಕಿ ಎತ್ತಿದ. ಹೊದಿಕೆ ಜಾರಿತು. ಮಲಗಿದ್ದವನು ಕಣ್ಣು ಬಿಟ್ಟು ಮೊದಲು ಡ್ರೈವರನನ್ನು, ಆಮೇಲೆ ತೆರೆದ ಗಾಡಿಯನ್ನು ನೋಡಿ, ಅದರ ಮೇಲಿದ್ದ ಬರಹವನ್ನು ಓದಿದ. ಅವನು ಬಿಟ್ಟು ಓಡಿದ ಚಪ್ಪಲಿ ಇವತ್ತಿಗೂ ಕಚೇರಿಯ ಕಪಾಟಿನಲ್ಲಿದೆ. ಕೇಳಿಕೊಂಡು ಬರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಮಾವನ ಶವದೊಂದಿಗೆ ಎರಡು ಗಂಟೆ ಕಾದವರು ಬೇರೆ ಗಾಡಿ ತರಿಸಿಕೊಂಡು, ಹೋಗುವ ದಾರಿಯಲ್ಲಿ ಕಚೇರಿಗೆ ಬಂದು, ಬಾಯಿಗೆ ಬಂದದ್ದನ್ನೆಲ್ಲ ಹೇಳಿ ಹೋದರು.

"ನೀನು ಬಾಯಿ ಮುಚ್ಚದಿದ್ರೆ ಒಂದು ನಷ್ಟ, ಮಾತಾಡಿದ್ರೆ ಇನ್ನೊಂದು" ಎಂದರು ಯಜಮಾನರು. "ಆ ತಂತಿ ಬಿಚ್ಚಿಸೋವರೆಗೂ ಹಿಂದುಗಡೆ ಗಾಡಿ ತೊಳಿ. ಅರ್ಧ ಸಂಬಳ ಕೊಡ್ತೀನಿ. ಅದೂ ಹಳೇ ಮುಖ ನೆನಪಿಸ್ಕೊಂಡು."

ಅವತ್ತು ಸಂಜೆ ಗಂಭೀರಪ್ಪ ನೇರ ಡಾಕ್ಟರ ಹತ್ತಿರ ಹೋಗಿ ಬಾಯಿ ತೆರೆದು ಕೂತ. "ಬಿಚ್ಚಿಬಿಡಿ."

"ಈಗ ಬಿಚ್ಚಿದ್ರೆ ಹಲ್ಲು ಒಂದೂ ನೆಟ್ಟಗಿರಲ್ಲ ಸರ್. ಕಿತ್ತ ಜಾಗ ಹಾಗೇ ಖಾಲಿ ಉಳಿಯುತ್ತೆ. ಕಟ್ಟಿದ ದುಡ್ಡೂ ಹೋಗುತ್ತೆ."

"ಹೋಗ್ಲಿ."

ಜೊತೆಗೆ ಬಂದಿದ್ದ ಮಗಳು ಕುರ್ಚಿಯ ಹತ್ತಿರ ಬಂದಳು. "ನೀನು ಬಿಚ್ಚಿಸಿದ್ರೆ ನಾನೂ ಬಿಚ್ಚಿಸ್ತೀನಿ" ಎಂದಳು. ದನಿ ಜೋರಿರಲಿಲ್ಲ. "ಕ್ಲಾಸಲ್ಲಿ ಏನಂತಾರೆ ಗೊತ್ತಾ ನಂಗೆ? 'ಗೇಟು' ಅಂತಾರೆ. ನಮ್ಮಪ್ಪಂಗೂ ಇದೆ ಅಂತ ಅಂದ್ಕೊಂಡು ಸುಮ್ನಿರ್ತೀನಿ."

ಗಂಭೀರಪ್ಪ ಕುರ್ಚಿಯಿಂದ ಇಳಿದ. ಡಾಕ್ಟರು ಬಿಚ್ಚುವ ಇಕ್ಕಳವನ್ನು ತಟ್ಟೆಗೆ ಹಾಕಿದರು.

ಮಾರನೆಯ ದಿನದಿಂದ ಅವನು ಕಚೇರಿಯ ಹಿತ್ತಿಲಲ್ಲಿ ಪ್ಯಾಂಟು ಮಡಚಿಕೊಂಡು ಶವವಾಹನ ತೊಳೆದ. ಬೇರೆಯವರು ಅವನ ಕೆಲಸದ ಕರಿ ಕೋಟು ಹಾಕಿಕೊಂಡು ಮನೆಗಳಿಗೆ ಹೋಗಿಬಂದರು. ತೊಳೆದ ಗಾಡಿಯ ಬಾಗಿಲಲ್ಲಿ ತನ್ನ ಮುಖ ಕಂಡಾಗ ಪೈಪಿನ ನೀರನ್ನು ಆ ಕಡೆಗೇ ತಿರುಗಿಸುತ್ತಿದ್ದ. ಸಂಜೆ ಮನೆಗೆ ಬಂದರೆ ಹಿಂಬಾಗಿಲ ಮೆಟ್ಟಿಲ ಮೇಲೆ ಮಗಳ ಪಾಠ. ತಂತಿ ಚುಚ್ಚುವ ಕಡೆ ಮೇಣದ ಉಂಡೆ ಹೇಗೆ ಅಂಟಿಸಬೇಕು, ಸಂದಿಗೆ ಸಣ್ಣ ಬ್ರಷ್ಷು ಹೇಗೆ ಹಾಕಬೇಕು ಎಂದು ಅವಳೇ ತೋರಿಸಿದಳು. ಅವಳ 'ಸ' ಒಂದೇ ವಾರದಲ್ಲಿ ಮರಳಿ ಬಂದಿತ್ತು.

"ನಾಲಿಗೆ ಹಲ್ಲಿಗೆ ತಾಗಿಸ್ಬೇಡ ಅಪ್ಪ. ಹಿಂದಕ್ಕೆ ಎಳ್ಕೋ. ಹೇಳು, ಸರಸರ."

"ತರತರ."

"ಸೊಸೆ."

"ತೊತೆ."

ಮಗಳಿಗೆ ತಡೆಯಲಾಗಲಿಲ್ಲ. ಕತ್ತು ಹಿಂದಕ್ಕೆ ಚೆಲ್ಲಿ, ಕೈ ಅಡ್ಡ ಇಡದೆ, ತಂತಿ ಹಲ್ಲು ಎಲ್ಲ ತೋರಿಸಿ ನಕ್ಕಳು. ಅಡಿಗೆಮನೆಯಲ್ಲಿ ಹೆಂಡತಿಯ ಸೌಟಿನ ಸದ್ದು ನಿಂತಿತು. ಅವಳು ಬಾಗಿಲಿಗೆ ಬಂದು ನೋಡಿ, ಒಳಗೆ ಹೋದಳು. ಗಂಭೀರಪ್ಪ ಇನ್ನೂ ಎರಡು ಸಲ "ತೊತೆ" ಎಂದ. ಎರಡನೆಯದು ಬೇಕೆಂದೇ ಅಂದದ್ದು.

ಅರ್ಧ ಸಂಬಳದಲ್ಲಿ ಇಬ್ಬರ ಕಂತು ಕಟ್ಟಲಾಗಲಿಲ್ಲ. ಎರಡು ತಿಂಗಳು ತಪ್ಪಿದ ಮೇಲೆ ತಂತಿ ಬಿಗಿಸಿಕೊಳ್ಳಲು ಹೋದಾಗ ಅವನು ತಲೆ ತಗ್ಗಿಸಿ ವಿಷಯ ಹೇಳಿದ. ಡಾಕ್ಟರು ಕೈಗವಸು ಕಳಚುತ್ತಾ ಅವನನ್ನೇ ನೋಡಿದರು.

"ಒಂದು ಕೆಲಸ ಮಾಡಿ ಸರ್. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಬಂದು ಹೊರಗಡೆ ಕೂತ್ಕೊಳ್ಳಿ. ಅವತ್ತು ಮಕ್ಕಳು ಜಾಸ್ತಿ ಬರ್ತಾರೆ. ನಿಮ್ಮ ಕಂತು ಬೇಡ, ಮಗಳದು ಮಾತ್ರ ಕಟ್ಟಿ."

"ಬಂದು ಏನು ಮಾಡ್ಬೇಕು?"

"ಏನೂ ಬೇಡ. ಕೂತ್ರೆ ಸಾಕು. ಯಾರಾದ್ರೂ ನೋಡಿದ್ರೆ ಸ್ವಲ್ಪ ಹಲ್ಲು ಕಾಣಿಸಿ. ನಿಮ್ಮನ್ನ ನೋಡಿದ್ರೆ ಮಕ್ಕಳಿಗೆ ಮನಸ್ಸು ಬರುತ್ತೆ."

ಗಂಭೀರಪ್ಪ ಮನೆಗೆ ಬಂದದ್ದು ನಡೆದುಕೊಂಡಲ್ಲ, ತೇಲಿಕೊಂಡು. ತನ್ನ ಧೈರ್ಯ ಒಬ್ಬ ಡಾಕ್ಟರ ಕಣ್ಣಿಗಾದರೂ ಬಿತ್ತಲ್ಲ! "ನನ್ನನ್ನ ನೋಡಿ ಸ್ಫೂರ್ತಿ ತಗೋತಾರಂತೆ" ಎಂದು ಹೆಂಡತಿಗೆ ಹೇಳಿದ. 'ಸ್ಫೂರ್ತಿ' ಎಂಬುದು ಅವನ ಬಾಯಲ್ಲಿ ಏನಾಯಿತೆಂದು ಇಲ್ಲಿ ಬರೆಯುವುದು ಬೇಡ. "ಯಾರು?" ಎಂದಷ್ಟೇ ಕೇಳಿ ಅವಳು ಅವನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು.

ಮೂರು ಭಾನುವಾರ ಅವನು ಕಾಯುವ ಕೋಣೆಯ ನಟ್ಟನಡುವಿನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ. ಮಗಳೂ ಜೊತೆಗೆ ಬಂದು, ಎದುರು ಬೆಂಚಿನಲ್ಲಿ ಹೆಂಗಸರ ನಡುವೆ ಪುಸ್ತಕ ಹಿಡಿದು ಕೂರುತ್ತಿದ್ದಳು. ಪರಿಣಾಮ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ರಚ್ಚೆ ಹಿಡಿದು ಬಂದ ಮಕ್ಕಳು ಅವನನ್ನು ಕಂಡ ಕೂಡಲೇ ತೆಪ್ಪಗಾಗುತ್ತಿದ್ದರು. ಅಮ್ಮಂದಿರು ಅವರ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಮಕ್ಕಳು ಮತ್ತೊಮ್ಮೆ ಅವನ ಕಡೆ ನೋಡಿ, ತಾವಾಗಿಯೇ ಒಳಗೆ ನಡೆಯುತ್ತಿದ್ದರು. ಮೂರು ವಾರಕ್ಕೆ ಒಂಬತ್ತು ಮಕ್ಕಳು ಒಪ್ಪಿದರು. ಗಂಭೀರಪ್ಪ ಲೆಕ್ಕ ಇಟ್ಟಿದ್ದ.

ನಾಲ್ಕನೆಯ ಭಾನುವಾರ ಹತ್ತು ವರ್ಷದ ಒಬ್ಬ ಹುಡುಗಿ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಒಳಗೆ ಬರಲಾರೆನೆಂದು ಕೂಗಾಡುತ್ತಿದ್ದಳು. ಗಂಭೀರಪ್ಪ ತುಟಿ ಅಗಲಿಸಿ ಸ್ವಲ್ಪ ಹಲ್ಲು ಕಾಣಿಸಿದ. ಅವಳ ಕೂಗು ನಿಂತಿತು. ತಾಯಿ ಬಗ್ಗಿ ಪಿಸುಗುಟ್ಟಿದಳು. ಪಿಸುಮಾತು ಎಂದು ತಾಯಿ ಅಂದುಕೊಂಡಿದ್ದಳು ಅಷ್ಟೇ, ಕೋಣೆಗೆಲ್ಲ ಕೇಳಿಸಿತು.

"ನೋಡ್ದಾ ಆ ಅಂಕಲ್‌ನ? ನಿನ್ನ ವಯಸ್ಸಲ್ಲಿ ಬೇಡ ಬೇಡ ಅಂತ ಹೀಗೇ ಹಟ ಮಾಡಿದ್ರಂತೆ. ಈಗ ಪಾಪ, ಈ ವಯಸ್ಸಲ್ಲಿ ಅನುಭವಿಸ್ತಿದಾರೆ. ಕೆಲಸವೂ ಹೋಯ್ತಂತೆ."

ಹುಡುಗಿ ಚೌಕಟ್ಟು ಬಿಟ್ಟಳು. ಗಂಭೀರಪ್ಪನ ಮುಂದೆ ಬಂದು, ಅವನ ಬಾಯೊಳಗೆ ಒಂದು ಸಲ ಕೂಲಂಕಷವಾಗಿ ನೋಡಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಅಮ್ಮಾ, ನಂಗೆ ಇವತ್ತೇ ಹಾಕಿಸು" ಎಂದಳು.

"ಹಟ ಮಾಡಿದ್ದೆ ಅಂತ ನಿಮಗೆ ಯಾರು ಹೇಳಿದ್ದು?" ಎಂದು ಗಂಭೀರಪ್ಪ ತಾಯಿಯನ್ನು ಕೇಳಿದ.

"ಅದೋ, ಆ ಹುಡುಗಿ. ಬಂದೋರಿಗೆಲ್ಲ ಅವಳೇ ಹೇಳ್ತಾಳೆ" ಎಂದು ಆಕೆ ಎದುರು ಬೆಂಚಿನ ಕಡೆ ಕೈ ತೋರಿಸಿ, ಮಗಳನ್ನು ಕರೆದುಕೊಂಡು ಒಳಗೆ ಹೋದಳು.

ಗಂಭೀರಪ್ಪನ ಬೆನ್ನು ಬಾಗಿತು. ತುಟಿ ತಾನಾಗಿಯೇ ಕೆಳಗಿಳಿದು ಮುಚ್ಚಿಕೊಂಡಿತು. ಎದುರು ಬೆಂಚಿನಿಂದ ಮಗಳು ಎದ್ದು ಬಂದು, ಪಕ್ಕದಲ್ಲಿ ಕೂತು, ಅವನ ಕಿವಿಯ ಹತ್ತಿರ ಬಗ್ಗಿದಳು.

"ಬಾಯಿ ಮುಚ್ಬೇಡ ಅಪ್ಪ. ಇನ್ನೂ ಮೂರು ಮಕ್ಕಳು ಬಾಕಿ ಇದಾರೆ."